ಊಟೋಪಚಾರಕ್ಕೂ ಅಂಕ

1977ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಿಂದ ಹೊರಬಂದ ‘ಟ್ರಾವೆಲರ್’ ಎಂಬ ಆಟಕ್ಕೆ ಬೇಕಾದದ್ದು ಮೂರು ಪುಟ್ಟ ಕಪ್ಪು ಪುಸ್ತಕ, ಎರಡು ದಾಳ, ಮೇಜಿನ ಸುತ್ತ ನಾಲ್ಕು ಜನ. ಮಾರ್ಕ್ ಮಿಲ್ಲರ್ ರೂಪಿಸಿದ ಈ ಆಟದಲ್ಲಿ ಒಬ್ಬೊಬ್ಬರೂ ನಕ್ಷತ್ರನೌಕೆಯ ಸಿಬ್ಬಂದಿಯಾಗಿ ಮಾತಿನಲ್ಲೇ ಕಥೆ ಕಟ್ಟುತ್ತಾರೆ.

ಅಕ್ಕನ ಮಗ ಇದನ್ನು ವಿವರಿಸುವಾಗ ನನ್ನ ಗಮನ ಹೋದದ್ದು ಅಂಕಗಳ ಕಡೆಗೆ. ಟೀಚರ್ ಕಸುಬು, ನೋಡಿ! ಇಲ್ಲಿ ನೂರಕ್ಕೆ ಇಷ್ಟು ಎಂಬ ಲೆಕ್ಕವಿಲ್ಲ. ಒಂದೊಂದು ಕೆಲಸಕ್ಕೆ ಒಂದು, ಎರಡು, ಮೂರು ಎಂಬ ಸಣ್ಣ ಅಂಕಿ. ಡಾಕ್ಟರ್ ಅನ್ನಿಸಿಕೊಳ್ಳಲು ವೈದ್ಯದಲ್ಲಿ 3 ಸಾಕು. ಕಷ್ಟ ಬಂದಾಗ ದಾಳದಲ್ಲಿ ಬಿದ್ದದ್ದಕ್ಕೆ ಆ ಅಂಕಿ ಕೂಡಬೇಕು. ಅಂಕ ಬರುವುದು ಪರೀಕ್ಷೆಯಿಂದಲ್ಲ, ಸೇವೆಯಿಂದ. 18ರ ವಯಸ್ಸಿಗೆ ಸೇರಿ, ನಾಲ್ಕು ನಾಲ್ಕು ವರ್ಷ ದುಡಿಯಬೇಕು. ಪ್ರತಿ ಅವಧಿಗೂ ಬದುಕಿ ಉಳಿಯಲು ದಾಳ ಹಾಕಬೇಕು. ಸೋತರೆ ಆಟ ಶುರುವಾಗುವ ಮುಂಚೆಯೇ ಪಾತ್ರ ಸತ್ತಂತೆ. 34 ತುಂಬಿದ ಮೇಲೆ ಮೈಯ ಬಲ ಕುಂದುವ ಭಯ ಬೇರೆ. ಅನುಭವ ಎಷ್ಟು ವರ್ಷದ್ದು ಎಂದು ಎಲ್ಲರೂ ಕೇಳುತ್ತಾರೆ, ಆ ವರ್ಷಗಳು ಕಿತ್ತುಕೊಂಡದ್ದನ್ನು ಕೇಳುವವರಿಲ್ಲ. ಈ ಆಟದಲ್ಲಿ ಎರಡೂ ಒಂದೇ ಹಾಳೆಯಲ್ಲಿರುತ್ತವೆ.

ಆಮೇಲೆ ಸಂಬಳದ ಪಟ್ಟಿ. ತಿಂಗಳಿಗೆ ಪೈಲಟ್‌ಗೆ 6000 ಕ್ರೆಡಿಟ್, ವೈದ್ಯರಿಗೆ 2000. ಪ್ರಯಾಣಿಕರ ಊಟೋಪಚಾರ ನೋಡಿಕೊಳ್ಳುವ ಸ್ಟೂವರ್ಡ್‌ಗೆ 3000! ಮೇಲ್ದರ್ಜೆಯ ಎಂಟು ಪ್ರಯಾಣಿಕರಿಗೆ ಅಂಥವರೊಬ್ಬರು ಇರಲೇಬೇಕಂತೆ.

ನಮ್ಮಮ್ಮ ಹನ್ನೊಂದು ಜನರ ಮನೆಯಲ್ಲಿ ಐವತ್ತು ವರ್ಷ ಮಾಡಿದ್ದು ಇದೇ ಕೆಲಸ. ಜನಗಣತಿಯವರು ಬಂದಾಗ ಅಪ್ಪ, ‘ಅವಳಿಗೇನೂ ಕೆಲಸವಿಲ್ಲ’ ಎಂದು ಬರೆಸಿದ್ದರು. ನಾನಾದರೆ ಸ್ಟೂವರ್ಡ್ 4 ಕೊಡುತ್ತಿದ್ದೆ. 5 ಕೊಡಬಹುದಿತ್ತು, ಸಾರಿಗೆ ಉಪ್ಪು ಒಂದು ಚಿಟಿಕೆ ಜಾಸ್ತಿ.