ಎಡಗೈಯ ಚುರುಕು

ಸವಣೂರ ಸೀಮೆಯ ವೀಳ್ಯದೆಲೆಯ ಹೆಸರು ಕೇಳದವರು ಕಡಿಮೆ. ಆ ಸೀಮೆಯ ಹತ್ತಿಮತ್ತೂರಿನಲ್ಲಿ ಯಾವ ಕಟ್ಟೆಯ ಮೇಲೆ ಬೇಕಾದರೂ ನೋಡಿರಿ: ಎಲೆ ಎಡಗೈಯಲ್ಲಿ, ಸುಣ್ಣ ಸವರುವ ಬೆರಳು ಬಲಗೈಯದು. ಹಿಡಿದುಕೊಂಡಿರುವ ಚಾಕರಿ ಒಂದಕ್ಕೆ, ಕುಶಲದ ಕೆಲಸವೆಲ್ಲ ಇನ್ನೊಂದಕ್ಕೆ. ಬರೆಯಲು ಎಡಗೈ ಚಾಚಿದ ಮಗುವನ್ನು ‘ರೊಡ್ಡ’ ಎಂದು ಹಂಗಿಸಿ, ಗೆಣ್ಣಿನ ಮೇಲೆ ಪಟ್ಟಿಯಿಂದ ಹೊಡೆದು ತಿದ್ದಿದ ಶಾಲೆಗಳು ನಮ್ಮಲ್ಲಿ ಬೇಕಾದಷ್ಟು ಇದ್ದವು. ಆ ಕೈ ನಿಜವಾಗಿಯೂ ಮಂದವೇ? ಮಾತಿನಲ್ಲಿ ವಾದಿಸದೆ ಗಡಿಯಾರ ಹಿಡಿದು ನೋಡಿದವರ ಕಥೆಯೊಂದು ಉಂಟು.

ಆ ಕಥೆ ಒಂದು ಅನ್ಯಾಯದಿಂದ ಆರಂಭವಾಗುತ್ತದೆ. 1796ರಲ್ಲಿ ಗ್ರೀನಿಚ್ ವೇಧಶಾಲೆಯ ಮುಖ್ಯಸ್ಥ ಮ್ಯಾಸ್ಕಲೀನನು ಕಿನ್ನೆಬ್ರೂಕ್ ಎಂಬ ಸಹಾಯಕನನ್ನು ಕೆಲಸದಿಂದ ತೆಗೆದುಹಾಕಿದನು. ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟುವ ಗಳಿಗೆಯನ್ನು ಅವನು ಒಡೆಯನಿಗಿಂತ ಸುಮಾರು 0.8 ಸೆಕೆಂಡು ತಡವಾಗಿ ಗುರುತಿಸುತ್ತಿದ್ದನಂತೆ! ನೋಡುವವರೆಲ್ಲರಲ್ಲಿಯೂ ಇಂಥ ಅಂತರ ಇದ್ದೇ ಇರುತ್ತದೆಂದು ಮುಂದೆ ಬೆಸೆಲ್ ತೋರಿಸಿಕೊಟ್ಟನು. ಅಷ್ಟರಲ್ಲಿ ಕಿನ್ನೆಬ್ರೂಕ್ ತೀರಿಕೊಂಡಿದ್ದನು. 1850ರಲ್ಲಿ ಹೆಲ್ಮ್‌ಹೋಲ್ಟ್ಸನು ಕಪ್ಪೆಯ ನರದಲ್ಲಿ ಸುದ್ದಿ ಹರಿಯುವ ವೇಗವನ್ನೇ ಅಳೆದನು. ಕಂಡುದಕ್ಕೂ ಕೈ ಆಡುವುದಕ್ಕೂ ನಡುವೆ ಕಾಲ ಹಿಡಿಯುತ್ತದೆಂಬುದು ಆಗ ಖಚಿತವಾಯಿತು.

ಇತ್ತ ಪ್ಯಾರಿಸ್ಸಿನ ವೈದ್ಯ ಬ್ರೋಕಾ, ಮಾತಿನ ಶಕ್ತಿ ಸಾಮಾನ್ಯವಾಗಿ ಮಿದುಳಿನ ಎಡಭಾಗದಲ್ಲಿದೆಯೆಂದು 1865ರಲ್ಲಿ ಸಾರಿದನು. ಬಲಗೈಯನ್ನು ಆಡಿಸುವುದೂ ಎಡಭಾಗವೇ. ಬಲಗೈಯ ಹಿರಿತನಕ್ಕೆ ಹೀಗೆ ಶಾಸ್ತ್ರದ ಮುದ್ರೆಯೂ ಬಿದ್ದಂತಾಯಿತು.

1912ರಲ್ಲಿ ಅಮೆರಿಕದ ಪಾಫೆನ್‌ಬರ್ಗರ್ ಮಾಡಿದ ಪ್ರಯೋಗ ಸರಳ, ಆದರೆ ಬಲು ಸೊಗಸು. ನೀವು ನೇರ ನೋಡುತ್ತಿರುವಾಗ ಎಡಬದಿಯಲ್ಲಿ ಬೆಳಕು ಮಿನುಗಿದರೆ ಸುದ್ದಿ ಮಿದುಳಿನ ಬಲಭಾಗಕ್ಕೆ ಮುಟ್ಟುತ್ತದೆ. ಎಡಗೈಯ ಯಜಮಾನನೂ ಅದೇ ಭಾಗ. ಹಾಗಾಗಿ ಎಡಗೈಯಿಂದ ಗುಂಡಿ ಒತ್ತುವುದಾದರೆ ಸುದ್ದಿ ಎಲ್ಲಿಗೂ ದಾಟಬೇಕಾಗಿಲ್ಲ. ಬಲಗೈಯಿಂದ ಒತ್ತಬೇಕಾದರೆ ಎರಡು ಭಾಗಗಳ ನಡುವಣ ನರತಂತುಗಳ ಸೇತುವೆಯನ್ನು ಅದು ದಾಟಲೇಬೇಕು. ಆ ದಾಟುವಿಕೆಯ ಸುಂಕ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು. ಮೂರ್ಛೆರೋಗದ ಚಿಕಿತ್ಸೆಗಾಗಿ ಈ ಸೇತುವೆಯನ್ನೇ ಕತ್ತರಿಸಿದವರಲ್ಲಿ ತಡ ಹಲವು ಪಟ್ಟು ಹೆಚ್ಚುತ್ತದೆ. ಅಂಥವರನ್ನು ಅಭ್ಯಸಿಸಿದ ಸ್ಪೆರಿ 1981ರಲ್ಲಿ ನೊಬೆಲ್ ಪಾರಿತೋಷಕ ಪಡೆದನು.

ಮನಸ್ಸನ್ನು ಪ್ರಯೋಗದಿಂದ ಅಳೆಯುವ ಈ ವಿದ್ಯೆ ನಮ್ಮ ನಾಡಿಗೆ ಬಂದ ಬಗೆ ರೇಡಿಯೋ ಕೇಳುವವರಿಗೆ ಹಿಡಿಸೀತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಡಾ. ಎಂ. ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಕಲಿತ ಅವರ ಸಂಶೋಧನೆ ಕೈಯ ಕಲಿಕೆಗೂ ಬುದ್ಧಿಗೂ ಇರುವ ನಂಟನ್ನು ಕುರಿತದ್ದು. ಇದೇ ಪ್ರಾಧ್ಯಾಪಕರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ ಪುಟ್ಟದೊಂದು ಪ್ರೇಷಕ ಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ಮುಂದೆ ಇಡೀ ದೇಶದ ರೇಡಿಯೋಗೆ ಸಂದ ‘ಆಕಾಶವಾಣಿ’ ಎಂಬ ಹೆಸರು ಆ ಮನೆಯದು.

ಮೊದಲಿನ ಪ್ರಶ್ನೆಗೆ ಬರೋಣ. ಗುರಿಯತ್ತ ಕೈ ಚಾಚುವ ಪ್ರಯೋಗಗಳು ಹಲವು ನಡೆದಿವೆ. ಬಲಗೈ ರೂಢಿಯವರಲ್ಲಿಯೂ ಹೊರಡುವುದರಲ್ಲಿ ಎಡಗೈ ಒಂದಿಷ್ಟು ಮುಂದೆ ಇರುವುದನ್ನು ಅವುಗಳಲ್ಲಿ ಅನೇಕವು ಕಂಡಿವೆ. ಸ್ಥಳ, ದಿಕ್ಕುಗಳ ಗಮನ ಮಿದುಳಿನ ಬಲಭಾಗದ ಪಾಲಿಗೆ ಹೆಚ್ಚಾಗಿರುವುದೇ ಇದರ ಕಾರಣವೆಂದು ಬಲ್ಲವರ ವಿವರಣೆ. ಹೊರಟ ಮೇಲೆ ಗುರಿಯನ್ನು ಬೇಗ ಮುಟ್ಟುವುದು ಬಲಗೈಯೇ. ಎಡಚರ ಮಿದುಳು ತಲೆಕೆಳಗು ಎಂಬ ನಂಬಿಕೆಯೂ ನಿಲ್ಲುವಂತಿಲ್ಲ: ಅವರಲ್ಲಿಯೂ ಹತ್ತರಲ್ಲಿ ಸುಮಾರು ಏಳು ಮಂದಿಗೆ ಮಾತಿನ ನೆಲೆ ಎಡಭಾಗವೇ. ಆ ಪೆಟ್ಟುಗಳಿಂದ ಮಗುವಿಗೆ ಏನು ಲಾಭವಾಯಿತೋ!

ನೀವೂ ಪರೀಕ್ಷಿಸಬಹುದು. ಮನೆಯವರೊಬ್ಬರು ಅಡಿಪಟ್ಟಿಯನ್ನು ನೆಟ್ಟಗೆ ಹಿಡಿದು ಹೇಳದೆ ಬಿಡಲಿ; ಅದರ ಕೆಳತುದಿಯ ಬಳಿ ಬೆರಳುಗಳನ್ನು ತೆರೆದಿಟ್ಟುಕೊಂಡು ನೀವು ಹಿಡಿಯಿರಿ. 20 ಸೆಂಟಿಮೀಟರು ಜಾರಿದರೆ ನಿಮಗೆ ಹಿಡಿದ ಕಾಲ ಸುಮಾರು 0.20 ಸೆಕೆಂಡು, 15 ಆದರೆ 0.175. ಎರಡೂ ಕೈಗೆ ಇಪ್ಪತ್ತಿಪ್ಪತ್ತು ಸಲವಾದರೂ ಅವಕಾಶ ಕೊಟ್ಟು ಸರಾಸರಿ ತೆಗೆಯಿರಿ. ಒಂದು ಸಲದ ಗೆಲುವು ಲೆಕ್ಕಕ್ಕಿಲ್ಲ.