ಪೂನಾ-ಬೆಂಗಳೂರು ರಸ್ತೆ: ಸುಂಕ, ಸಂತೆ, ದಾಸೋಹ

ಪುಣೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ಸಿರಾ, ತುಮಕೂರುಗಳ ಮಾರ್ಗವಾಗಿ ಬೆಂಗಳೂರನ್ನು ಸೇರುವ ಹೆದ್ದಾರಿಯು ಬಹುಕಾಲ ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿಯೆನಿಸಿತ್ತು. 2010ರ ಹೊಸ ಎಣಿಕೆಯಲ್ಲಿ ಅದು ನಲವತ್ತೆಂಟನೆಯದಾಯಿತು. ದಾರಿಯ ಊರುಗಳ ಜನರಾದರೋ ಈ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯದೆ ಇಂದಿಗೂ ‘ಪಿ. ಬಿ. ರಸ್ತೆ’ ಎಂದೇ ಹೇಳುತ್ತಾರೆ. ಹುಬ್ಬಳ್ಳಿಯಲ್ಲಿಯೂ ದಾವಣಗೆರೆಯಲ್ಲಿಯೂ ಅಂಗಡಿಯ ವಿಳಾಸವು ಈ ಎರಡಕ್ಷರಗಳಿಂದಲೇ ಗುರುತಾಗುತ್ತದೆ.

ಎತ್ತಿನ ಬಂಡಿಯ ಕಾಲದಲ್ಲಿ ರಸ್ತೆಯೆಂದರೆ ನಿಲ್ದಾಣಗಳ ಸರಣಿ. ಎತ್ತು ದಣಿದಲ್ಲಿ ನೀರು, ನೆರಳು, ಮೇವು ಬೇಕು. ಹೊತ್ತು ಮುಳುಗಿದಲ್ಲಿ ಛತ್ರವೋ ಮಠವೋ ಬೇಕು. ಅರವಟ್ಟಿಗೆಗೆ ದತ್ತಿ ಬಿಟ್ಟ ಸಂಗತಿಯನ್ನು ಕನ್ನಡ ಶಾಸನಗಳು ಹೇಳುತ್ತವೆ. ಹೇರಿನ ಮೇಲೆ ಸುಂಕ ಕೊಂಡ ಸಂಗತಿಯನ್ನೂ ಅವೇ ಹೇಳುತ್ತವೆ. ದಾರಿಯ ಬದುಕಿಗೆ ಈ ಎರಡು ಮುಖಗಳೂ ಹಳೆಯವು. ಶರಣರಲ್ಲಿ ಸುಂಕದ ಬಂಕಣ್ಣನೆಂಬಾತನಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ‘ಬಂಕೇಶ್ವರಲಿಂಗ’ ಅಂಕಿತದ ಈತನ ವಚನಗಳಲ್ಲಿ ಸುಂಕದ ಕಟ್ಟೆಯ ಪರಿಭಾಷೆಯೇ ಅನುಭಾವದ ಪರಿಭಾಷೆಯಾಗಿದೆ. ಜನರು ಸಾಮಾನ್ಯವಾಗಿ ಮೆಚ್ಚದ ಸುಂಕದವನ ಕೆಲಸವನ್ನೂ ಶರಣಧರ್ಮವು ಕಾಯಕವೆಂದು ಒಪ್ಪಿತೆಂಬುದು ಸಣ್ಣ ಮಾತಲ್ಲ.

ಈ ರಸ್ತೆಯ ಮೈಸೂರು ಭಾಗವು ಇಂದಿನ ರೂಪಕ್ಕೆ ಹತ್ತಿರವಾದುದು ಕಮಿಷನರರ ಆಡಳಿತದಲ್ಲಿ. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನು ಬಂಡಿಗಳು ಓಡಾಡಬಲ್ಲ ರಸ್ತೆಗಳನ್ನು ಮಾಡಿಸಿದುದಲ್ಲದೆ ನೂರಾರು ಬಗೆಯ ಚಿಲ್ಲರೆ ತೆರಿಗೆಗಳನ್ನೂ ತೆಗೆದುಹಾಕಿದನು. ಚಿತ್ರದುರ್ಗ ವಿಭಾಗದ ಮೇಲಧಿಕಾರಿಯಾಗಿದ್ದ ಡಾಬ್ಸನ ಹೆಸರು, ಶಿವಗಂಗೆಗೆ ತಿರುಗುವ ಎಡೆಯಲ್ಲಿರುವ ಡಾಬಸ್‌ಪೇಟೆಯಲ್ಲಿ ಉಳಿದಿದೆ. ಆದರೂ ಹರಿಹರದಲ್ಲಿ ತುಂಗಭದ್ರೆಯು ಅಡ್ಡವಾಗಿದ್ದಳು. ಮಳೆಗಾಲದಲ್ಲಿ ಹರಿಗೋಲೇ ಗತಿ. 1868ರಲ್ಲಿ ಕಲ್ಲು-ಇಟ್ಟಿಗೆಗಳ ಹದಿನಾಲ್ಕು ಕಮಾನುಗಳ ಸೇತುವೆಯು ಪೂರ್ಣಗೊಂಡಾಗ ಮೈಸೂರು ಸೀಮೆಗೂ ಮುಂಬಯಿ ಪ್ರಾಂತಕ್ಕೂ ಬಂಡಿಯ ದಾರಿ ಒಂದಾಯಿತು. ಎರಡೂ ದಡದ ಕನ್ನಡಿಗರು ಒಂದೇ ರಾಜ್ಯದವರಾಗಲು 1956ರವರೆಗೆ ಕಾಯಬೇಕಾಯಿತೆಂಬುದು ಬೇರೆ ಮಾತು. ಇದೇ ಹೊಳೆಯ ಕೆಳದಂಡೆಯ ಚೌಡದಾನಪುರವು ಅಂಬಿಗರ ಚೌಡಯ್ಯನ ಸ್ಥಳ. ದೋಣಿ ನಡೆಸಿದವನು ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡು ಅಷ್ಟು ನಿಷ್ಠುರವಾಗಿ ನುಡಿದನು. ಹತ್ತು ಊರಿನ, ಹತ್ತು ಜಾತಿಯ ಜನರನ್ನು ದಿನವೂ ದಾಟಿಸುತ್ತಿದ್ದವನಿಗೆ ಮನುಷ್ಯರ ಸೋಗು ಬಲುಬೇಗ ತಿಳಿದಿರಬೇಕು.

ದಾವಣಗೆರೆಯು ಈ ರಸ್ತೆಯ ಮಗುವೆಂದರೆ ತಪ್ಪಾಗದು. ಹೈದರಾಲಿಯು ಇದನ್ನು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಿಯಾಗಿ ಕೊಟ್ಟನು. ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದನು. ಇಲ್ಲಿಯ ಶಿವಭಕ್ತ ವರ್ತಕರು ಮಲೆನಾಡಿನ ಅಡಕೆ-ಮೆಣಸುಗಳನ್ನು ವಾಲಾಜಾಪೇಟೆಯವರೆಗೆ ಸಾಗಿಸಿ, ಮರಳುವಾಗ ಉಪ್ಪು ಮೊದಲಾದ ಸರಕುಗಳನ್ನು ಹೇರಿಕೊಂಡು ಬರುತ್ತಿದ್ದರು. ಸುತ್ತಲಿನ ಕಂಬಳಿಗೆ ದೊಡ್ಡ ಹೆಸರಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿಗಿರಣಿಗಳು ಎದ್ದವು. ಮುಂದೆ ಒಂದೊಂದಾಗಿ ಮುಚ್ಚಿದವು. ಗಿರಣಿ ಹೋದರೂ ಊರಿನ ಹೆಸರನ್ನು ಇಂದು ನಾಡಿಗೆಲ್ಲ ಒಯ್ಯುತ್ತಿರುವುದು ಬೆಣ್ಣೆದೋಸೆ. ಅದನ್ನು ಮೊದಲು ಹುಯ್ದವಳು ಬೆಳಗಾವಿಯ ಕಡೆಯಿಂದ ಮಕ್ಕಳೊಡನೆ ವಲಸೆ ಬಂದ ಒಬ್ಬ ಹೆಣ್ಣುಮಗಳೆಂಬುದು ಊರಿನ ಹೇಳಿಕೆ.

ಈ ರಸ್ತೆಯ ಪ್ರಸಿದ್ಧ ವಸ್ತುಗಳು ಬಹುಮಟ್ಟಿಗೆ ಹೀಗೆ ಬಂದವುಗಳೇ. ಧಾರವಾಡದ ಪೇಡೆಯನ್ನು ತಂದವರು ಉತ್ತರ ಹಿಂದೂಸ್ಥಾನದಿಂದ ಬಂದ ಮನೆತನದವರು. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನ ಏಲಕ್ಕಿಯನ್ನು ಅಂಟುವಾಳದ ನೀರಿನಲ್ಲಿ ತೊಳೆದು ಬಿಳುಪುಗೊಳಿಸುವ ಕಸುಬು ಅಲ್ಲಿ ಬೇರೂರಿತು. ಕಾಯಿಗಳನ್ನು ಪೋಣಿಸಿ ಮಾಡುವ ಏಲಕ್ಕಿ ಹಾರವೂ ಆ ಊರಿನ ಕೀರ್ತಿಯಾಯಿತು. ಮೋಟೆಬೆನ್ನೂರಿನಿಂದ ಒಳಕ್ಕಿರುವ ಬ್ಯಾಡಗಿಯ ಮೆಣಸಿನಕಾಯಿ ಮಾತ್ರ ನೆಲದ ಬೆಳೆ. ಖಾರ ಕಡಿಮೆ, ಬಣ್ಣ ಹೆಚ್ಚು. ಸಿರಾ, ಹಿರಿಯೂರುಗಳ ಬಗೆಗೆ ಬರೆಯುವುದಾದರೆ ಬೇರೆ ಲೇಖನವೇ ಬೇಕು. ಮೊಗಲರ ಸುಬಾದ ರಾಜಧಾನಿಯಾಗಿದ್ದ ಸಿರಾದ ಕೋಟೆ, ಗೋರಿಗಳನ್ನು ನೋಡಲು ಇಳಿಯುವವರು ಈಗ ವಿರಳ.

ಹೆದ್ದಾರಿಯನ್ನು ಹಿಡಿದು ನಿಂತ ಮಠಗಳು ಆಕಸ್ಮಿಕವಾಗಿ ಅಲ್ಲಿರುವುದಲ್ಲ. ಹುಬ್ಬಳ್ಳಿಯ ಮೂರುಸಾವಿರ ಮಠ, ಧಾರವಾಡದ ಮುರುಘಾಮಠ, ಭರಮಣ್ಣನಾಯಕನ ಕಾಲದಲ್ಲಿ ಎದ್ದ ಚಿತ್ರದುರ್ಗದ ಮುರುಘಾಮಠ, ಕ್ಯಾತ್ಸಂದ್ರದ ಸಿದ್ಧಗಂಗೆ ಇವೆಲ್ಲ ಜಂಗಮರು ನಡೆದ ದಾರಿಯ ನೆಲೆಗಳು. ದಾರಿಯಿಂದ ಬಂದವನ ಕುಲವನ್ನು ಕೇಳದೆ ಹಸಿವನ್ನು ಕೇಳುವುದು ದಾಸೋಹದ ಮೊದಲ ಪಾಠ. ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಂದೇ ಒಲೆಯ ಆಶ್ರಯದಲ್ಲಿ ನೀಡಿದರು. ಶಿವರಾತ್ರಿಯ ಜಾತ್ರೆಗೆ ರೈತರು ಎತ್ತುಗಳನ್ನು ಹೊಡೆದುಕೊಂಡು ಬರುತ್ತಿದ್ದುದೂ ಇದೇ ರಸ್ತೆಯಲ್ಲಿ. ಮಠದ ಪ್ರಸಾದವೂ, ಕ್ಯಾತ್ಸಂದ್ರದ ಅಂಗಡಿಗಳ ತಟ್ಟೆಇಡ್ಲಿಯೂ ಒಂದಕ್ಕೊಂದು ಎದುರಾಳಿಗಳಾಗಲಿಲ್ಲ.

ಸುವರ್ಣ ಚತುಷ್ಪಥ ಯೋಜನೆಯಿಂದ ರಸ್ತೆಯು ಅಗಲವಾಯಿತು. ಊರೊಳಗಿದ್ದುದು ಊರ ಹೊರಗಾಯಿತು. ವೇಗದಿಂದ ರೋಗಿಗೂ ರೈತನಿಗೂ ಆದ ಉಪಕಾರವನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಬಳಸುದಾರಿ ಬಂದ ಮೇಲೆ ಹಳೆಯ ಪಿ. ಬಿ. ರಸ್ತೆಯ ಖಾನಾವಳಿಗಳಿಗೆ ದೂರದ ಗಿರಾಕಿ ತಪ್ಪಿದನು. ಸಾಲುಮರಗಳು ಉರುಳಿದವು, ಅವುಗಳ ನೆರಳಿನಲ್ಲಿದ್ದ ಕಟ್ಟೆಗಳೂ ಹೋದವು. ಹಳೆಯ ಮೈಲಿಗಲ್ಲು, ಛತ್ರ, ಬಾವಿಗಳ ಪಟ್ಟಿಯನ್ನು ಊರೂರಿನ ಶಾಲೆಗಳಾದರೂ, ಮಠಗಳಾದರೂ ಮಾಡಿಡುವುದು ಅಗತ್ಯ. ಹಳೆಯ ದಾರಿಯಲ್ಲಿ ಬಂಡಿ ಹೊಡೆದವರ ಮಾತನ್ನು ಕೇಳಿದ್ದ ಮಕ್ಕಳೂ ಈಗ ಮುದುಕರಾಗಿದ್ದಾರೆ.

ಸುಂಕ ಮಾತ್ರ ಮರಳಿ ಬಂದಿದೆ. ಬಂಕಾಪುರದ ಬಳಿಯಲ್ಲಿ, ರಾಣೆಬೆನ್ನೂರಿನ ಚಳಗೇರಿಯಲ್ಲಿ, ಹೀಗೆ ಹಲವೆಡೆ ಕಟ್ಟೆಗಳಿವೆ. 2021ರಿಂದ ಗಾಜಿಗೆ ಅಂಟಿಸಿದ ಚೀಟಿಯೇ ಹಣ ತೆರುವುದರಿಂದ ಅಲ್ಲಿಯೂ ಗಾಡಿಯವನು ಸುಂಕದವನ ಮುಖವನ್ನು ನೋಡುವುದಿಲ್ಲ.