ಗಂಗೂಬಾಯಿಯವರ ದಪ್ಪ ದನಿ

ನಮ್ಮ ಕಡೆ ಹೆಣ್ಣುಮಕ್ಕಳ ದನಿ ಒಂಚೂರು ದಪ್ಪ ಇದ್ರೆ ಸಾಕು, ಯಾರಾದ್ರೂ ಒಬ್ರು ಅಂದೇ ಅಂತಾರೆ, "ಇದೇನು ಮಾರಾಯ್ತಿ, ಗಂಡಸ್ರ ದನಿ ಇದ್ದಂಗಿದೆ!" ಗಂಡಿನ ಕಡೆಯೋರು ನೋಡಕ್ಕೆ ಬರೋ ದಿನ ಅಂತೂ ಹುಡುಗಿಗೆ ಮೊದ್ಲೇ ಪಾಠ ಆಗಿರುತ್ತೆ, ಮೆಲ್ಲಗೆ ಮಾತಾಡು, ಕೇಳಿದ್ದಕ್ಕಷ್ಟೇ ಉತ್ತರ ಕೊಡು ಅಂತ. ಇಂಥ ಮಾತು ಕೇಳಿದಾಗೆಲ್ಲ ನಂಗೆ ಗಂಗೂಬಾಯಿ ಹಾನಗಲ್ ಅವರ ನೆನಪಾಗುತ್ತೆ. ರೇಡಿಯೋದಲ್ಲಿ ಅವರ ಹಾಡು ಬಂದ್ರೆ, ಹಾಡ್ತಿರೋದು ಗಂಡಸೋ ಹೆಂಗಸೋ ಅಂತ ನಮ್ಮನೇಲಿ ವಾದಾನೇ ನಡೀತಿತ್ತು, ಭದ್ರಾವತಿ ಆಕಾಶವಾಣಿಯೋರು ಹೆಸರು ಹೇಳೋ ತನಕ.

ಅವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡ್ತಿದ್ರು. ಹಾಡೋ ಮನೆತನದ ಹೆಣ್ಣುಮಕ್ಕಳು ಅಂದ್ರೆ ಆಗ ಜನ ಮರ್ಯಾದೆಯಿಂದ ನೋಡ್ತಿರಲಿಲ್ಲ. ಬೀದೀಲಿ ನಡೆದು ಹೋಗುವಾಗ "ಗಾನೇವಾಲಿ" ಅಂತ ಹಂಗಿಸ್ತಿದ್ರಂತೆ. ಅದೇ ಹುಡುಗಿ 1924ರಲ್ಲಿ, ಹನ್ನೊಂದನೇ ವಯಸ್ಸಿಗೆ, ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದ್ಲು. ಮಗಳು ಹಿಂದೂಸ್ತಾನಿ ಕಲೀಲಿ ಅಂತ ಅಂಬಾಬಾಯಿ 1928ರಲ್ಲಿ ಹುಬ್ಬಳ್ಳಿಗೆ ಮನೆ ಮಾಡಿದ್ರು. ಮಗಳ ಕಿವಿಗೆ ಬೇರೆ ಪದ್ಧತಿ ಬೀಳಬಾರದು ಅಂತ ತಾವು ಹಾಡೋದನ್ನೇ ನಿಲ್ಲಿಸಿದ್ರಂತೆ. ಎಂಥಾ ತಾಯಿ ನೋಡಿ.

ಆಗ ಗಂಗೂಬಾಯಿಯವರ ದನಿ ಸಣ್ಣಗಿತ್ತು. 1930ರ ದಶಕದಲ್ಲಿ ಗ್ರಾಮಫೋನ್ ತಟ್ಟೆಗೆ "ಗಾಂಧಾರಿ" ಅನ್ನೋ ಹೆಸರಲ್ಲಿ ಹಾಡಿದ್ದು ಆ ದನೀಲೇ. ಆ ತಟ್ಟೆ ಕೇಳಿದ್ರೆ ಇದು ಅವರೇನಾ ಅನ್ಸುತ್ತೆ. ಆಮೇಲೆ ಗಂಟಲಿನ ತೊಂದರೆ ಬಂತು, ಟಾನ್ಸಿಲ್‌ಗೆ ಚಿಕಿತ್ಸೆ ಆಯ್ತು. ಗಂಟಲು ವಾಸಿ ಆದ್ರೂ ಹಳೇ ದನಿ ವಾಪಸ್ ಬರಲಿಲ್ಲ. ದಪ್ಪಗೆ, ಗಂಡಸಿನ ದನಿ ಥರ ಆಗೋಯ್ತು. ಹಾಡೋದನ್ನೇ ಬದುಕು ಮಾಡ್ಕೊಂಡ ಹೆಂಗಸಿಗೆ ಇದು ಸಣ್ಣ ಪೆಟ್ಟಲ್ಲ. ಕೈಕಾಲಿನ ಊನ ಸೆರಗಲ್ಲಿ ಮುಚ್ಕೋಬಹುದೇನೋ, ಹಾಡೋರು ದನೀನ ಎಲ್ಲಿ ಬಚ್ಚಿಡ್ತಾರೆ?

ಅವರು ಬಚ್ಚಿಡಕ್ಕೂ ಹೋಗಲಿಲ್ಲ, ಎಳೆದು ಸಣ್ಣ ಮಾಡಕ್ಕೂ ಹೋಗಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ರ ಕಲಿತ್ರು. ಭೀಮಸೇನ ಜೋಶಿಯವರೂ ಅಲ್ಲೇ ಕಲ್ತೋರು. ಅದು ಕಿರಾಣಾ ಘರಾಣೆ. ಒಂದೊಂದೇ ಸ್ವರ ಹಿಡಿದು, ಅವಸರ ಇಲ್ದೆ ನಿಧಾನಕ್ಕೆ ರಾಗ ಬೆಳೆಸ್ತಾ ಹೋಗೋ ಪದ್ಧತಿ. ಆ ದಪ್ಪ ದನಿಗೆ ಅಲ್ಲಿ ಒಳ್ಳೆ ಜಾಗ ಸಿಕ್ತು.

ಇಲ್ಲೊಂದು ತಮಾಷೆ ಇದೆ. ಆ ಘರಾಣೆಗೆ ಹೆಸರು ತಂದ ಅಬ್ದುಲ್ ಕರೀಂ ಖಾನರು ಗಂಡಸು, ಅವರ ದನಿ ಸಣ್ಣಗೆ, ಎಳೆ ಎಳೆಯಾಗಿತ್ತು. ಅವರ ಶಿಷ್ಯ ಸವಾಯಿ ಗಂಧರ್ವರು ನಾಟಕದಲ್ಲಿ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡಿ ಹೆಸರಾದೋರು. ಇದನ್ನೆಲ್ಲ ಜನ ದುಡ್ಡು ಕೊಟ್ಟು ಕೇಳಿದ್ರು, ನೋಡಿದ್ರು, ಕೈ ಮುಗಿದ್ರು. ಅಂದಮೇಲೆ ಹೆಣ್ಣಿನ ದನಿ ದಪ್ಪ ಆದ್ರೆ ಮಾತ್ರ ನಮಗ್ಯಾಕೆ ಮುಜುಗರ? ದನಿ ಹಿಂಗೇ ಇರಬೇಕು ಅನ್ನೋದು ನಾವೇ ಮಾಡ್ಕೊಂಡ ಕಟ್ಟುಪಾಡು ಅಷ್ಟೆ.

ಮುಂದೆ ಮಗಳು ಕೃಷ್ಣಾ ತಾಯಿ ಪಕ್ಕ ಕೂತು ಜೊತೆಗೆ ಹಾಡ್ತಿದ್ರು, ತಾಯಿದು ದಪ್ಪ ದನಿ, ಮಗಳದ್ದು ತೆಳು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂತು. ಮೂಳೆ ಮಜ್ಜೆಯ ಕ್ಯಾನ್ಸರ್ ಗೆದ್ರು. 2004ರಲ್ಲಿ ಮಗಳನ್ನ ಕಳ್ಕೊಂಡ್ರು. ಆದ್ರೂ 2006ರಲ್ಲಿ ಮತ್ತೆ ಕಛೇರಿಗೆ ಕೂತ್ರು. 2009ರಲ್ಲಿ ತೀರಿಕೊಂಡಾಗ 96 ವರ್ಷ. ಕಣ್ಣು ದಾನ ಮಾಡಿದ್ರು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಈಗ ಅವರದ್ದೇ ಹೆಸರು.

ನಮ್ಮ ಪೈಕಿ ಒಂದು ಹುಡುಗಿ ಇದಾಳೆ. ಫೋನಲ್ಲಿ ಹಲೋ ಅಂದ್ರೆ ಆ ಕಡೆಯೋರು "ಹೇಳಿ ಸರ್" ಅಂತಾರೆ ಅಂತ ಫೋನ್ ಎತ್ತೋದನ್ನೇ ಬಿಟ್ಟಿದಾಳೆ, ಎಲ್ಲಾ ಮೆಸೇಜಲ್ಲೇ. ಅವಳೇನೂ ಗಂಗೂಬಾಯಿ ಆಗಬೇಕಿಲ್ಲ. ಪ್ರಶಸ್ತಿ ಬಂದ್ರೇನೇ ನಮ್ಮ ಕೊರತೆಗೆ ಮರ್ಯಾದೆ ಅಂತ ಆದ್ರೆ, ನಮ್ಮಂಥ ಸಾಮಾನ್ಯರು ಎಲ್ಲಿಗೆ ಹೋಗೋದು? ಗಂಗೂಬಾಯಿಯವರು ಮೊದ್ಲು ಇರೋ ದನೀನ ತನ್ನದು ಅಂತ ಒಪ್ಕೊಂಡ್ರು. ಪ್ರಶಸ್ತಿ ಎಲ್ಲಾ ಬಂದಿದ್ದು ಎಷ್ಟೋ ವರ್ಷ ಆದ್ಮೇಲೆ.

ಅತ್ತಿಗೆ, ಅಕ್ಕ, ಚಿಕ್ಕಮ್ಮಂದಿರೇ, ನಿಮ್ಮಲ್ಲಿ ಒಂದು ಕೇಳ್ಕೋತೀನಿ. ದನಿ ಇದ್ದಕ್ಕಿದ್ದಂಗೆ ಬದಲಾದ್ರೆ ಡಾಕ್ಟ್ರಿಗೆ ತೋರಿಸೋಣ, ಅದು ಬೇರೆ ಮಾತು. ಹುಟ್ಟಿಂದ ಬಂದ ದನಿಗೆ ಮಾತ್ರ ಹೆಸರಿಡೋದು ಬೇಡ. ಸಂಜೆ ಅನ್ನಕ್ಕೆ ಇಟ್ಟು ಗಂಗೂಬಾಯಿಯವರದ್ದು ಒಂದು ರಾಗ ಹಾಕ್ಕೊಂಡು ಕೇಳಿ. ಗಂಡೋ ಹೆಣ್ಣೋ ಅಂತ ಮೊದ್ಲು ಎರಡು ನಿಮಿಷ ಅನ್ಸಬಹುದು, ಆಮೇಲೆ ಹಾಡಷ್ಟೇ ಕೇಳ್ಸುತ್ತೆ.